ಬಂದೂಕಿನ ಮರದ ಗೀರುಗಳು

ಬೇಸಗೆಯ ಕಡೆಯ ಸೋಮವಾರ,
ಬೆಳಗಿನ ಪ್ರಾರ್ಥನೆಯನ್ನು ಮುಗಿಸಿ

ಚಿರಂಜೀವಿ ಸೌಭಾಗ್ಯವತಿ ತಂಗಿ ಕಿಂಡಿಗೆ,

ನಿನ್ನ ಅಣ್ಣನ ಮನಃಪೂರ್ವಕ ಆಶೀರ್ವಾದಗಳು. ಮೊಮ್ಮಗಳನ್ನು ಎತ್ತಿ ಆಡಿಸುವ ಹೆಂಗಸನ್ನು ಇನ್ನೂ ಈ ಅಡ್ಡಹೆಸರಿನಿಂದ ಕರೆಯುವುದು ತರವಲ್ಲವೆಂದು ನಿನ್ನ ಅತ್ತಿಗೆ ಪ್ರತಿ ಸಲವೂ ನನ್ನನ್ನು ಆಕ್ಷೇಪಿಸುತ್ತಾಳೆ. ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಪುಟ್ಟ ಕಿಂಡಿಯನ್ನಿಟ್ಟು ದೇವರು ನಿನ್ನನ್ನು ಕಳುಹಿಸಿದ. ಅಪ್ಪ ಆ ಕಿಂಡಿಯನ್ನೇ ಹೆಸರಾಗಿ ಇಟ್ಟರು. ಈ ಪತ್ರಕ್ಕೆ ಮಾತ್ರ ನಿನ್ನ ಬೇರಾವ ಹೆಸರೂ ಒಪ್ಪದು. ಏಕೆಂಬುದು ಓದುತ್ತ ಓದುತ್ತ ನಿನಗೇ ತಿಳಿದೀತು. ಒಂದೇ ಬಿನ್ನಹ: ಕುಳಿತು ಓದು. ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿ ಬಂದು ಓದು.

ನೀನು ಒಪ್ಪಿಸಿದ ಕೆಲಸವನ್ನು ನಾನು ಪೂರ್ತಿಯಾಗಿ ನೆರವೇರಿಸಿಲ್ಲ. ಅರ್ಧಕ್ಕೆ ನಿಲ್ಲಿಸಿದ್ದೇನೆ. ನಿಲ್ಲಿಸಿದ ಕಾರಣವನ್ನು ತಿಳಿಸುವುದಕ್ಕಾಗಿಯೇ ಈ ಪತ್ರ.

ಅಪ್ಪ ತೀರಿಕೊಂಡ ಮೇಲೆ ಅವರ ಬಂದೂಕಿನ ಪರವಾನಗಿಯೂ ಅವರೊಡನೆಯೇ ತೀರಿತಷ್ಟೆ. ಠಾಣೆಯ ಅಧಿಕಾರಿ ಸಜ್ಜನ. "ಕಬ್ಬಿಣ ನಮಗೆ ಒಪ್ಪಿಸಿಬಿಡಿ, ಮರ ನಿಮಗೇ ಇರ್ಲಿ. ಬರೀ ಮರ ಯಾರನ್ನ ಕೊಲ್ಲುತ್ತೆ?" ಎಂದ. ಬಂದೂಕು ದುರಸ್ತಿಯವನು ತಿರುಪುಗಳನ್ನು ಬಿಚ್ಚಿ ಎರಡನ್ನೂ ಬೇರ್ಪಡಿಸಿದ. ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಇಣುಕಿ, "ಇದು ಕೂತು ಉಂಡ ಬಂದೂಕು ಸ್ವಾಮಿ. ಒಳಗೆ ಸವೆದೇ ಇಲ್ಲ" ಎಂದು ನಕ್ಕ. ಅವನ ಮಾತಿಗೆ ನಾನು ಆಗ ಬೆಲೆ ಕೊಡಲಿಲ್ಲ. ಅಜ್ಜನ ನೆನಪಿಗೆ ಮರವನ್ನಾದರೂ ಮನೆಯ ಗೋಡೆಗೆ ತೂಗುಹಾಕುವೆನೆಂದು ನಿನ್ನ ಮಗ ಆಸೆಪಟ್ಟ. ನೀನು ಅವನ ಬಾಯಲ್ಲೇ ನನಗೆ ಹೇಳಿಕಳುಹಿಸಿದೆ: "ಆ ಗೀರುಗಳು ಇರೋ ತನಕ ಅದು ನನ್ನ ಹೊಸ್ತಿಲು ದಾಟಬಾರದು. ಒಂದೂ ಉಳೀದ ಹಾಗೆ ಅಳಿಸಿ ಕಳಿಸು ಅಣ್ಣ. ಆಗಲ್ಲ ಅಂದ್ರೆ ಒಲೆಗೆ ಹಾಕು."

ಆ ಗೀರುಗಳ ವಿಷಯವನ್ನು ನಾವಿಬ್ಬರೂ ಬಾಯಿಬಿಟ್ಟು ಆಡಿದವರಲ್ಲ. ಇಂದು ಆಡಬೇಕಾಗಿದೆ. ಗುರಿಯಿಡುವಾಗ ಕೆನ್ನೆಯನ್ನು ಆನಿಸುವ ಮರದ ಮೇಲಂಚಿನ ಏಣಿನ ಮೇಲೆ ಸಾಲಾಗಿ ಕಪ್ಪಗೆ ಕುಳಿತಿದ್ದವು ಅವು. ಅಪ್ಪ ಹತ್ತಿಯ ಗಿರಣಿಯ ಬಾಗಿಲು ಕಾಯುತ್ತಿದ್ದವರು. ಗಿರಣಿಯ ಮುಂದೆ ಒಮ್ಮೆ ಗಲಭೆಯಾಗಿ ಗುಂಡು ಹಾರಿ ಜನ ಸತ್ತದ್ದನ್ನು ಊರೇ ಬಲ್ಲದು. "ನಿಮ್ಮಪ್ಪ ಕೊಂದೋರ ಲೆಕ್ಕ ಬಂದೂಕಿನ ಮೇಲೆ ಕೆತ್ತಿಟ್ಟಿದ್ದಾನಂತೆ" ಎಂದು ಶಾಲೆಯ ಗೆಳತಿಯೊಬ್ಬಳು ನಿನಗೆ ಹೇಳಿದಳು. ನೀನು ಓಡಿಬಂದು, ಬೂಟಿಗೆ ಬಣ್ಣ ಹಚ್ಚುತ್ತಿದ್ದ ಅಪ್ಪನ ಮುಂದೆ ಆ ಸಾಲನ್ನು ತೋರಿಸಿ, "ಇವು ಏನಪ್ಪ?" ಎಂದು ಕೇಳಿದೆ. ಅಪ್ಪ ನಿನ್ನ ಗಲ್ಲವನ್ನು ಹಿಡಿದು ಗಟ್ಟಿಯಾಗಿ ನಕ್ಕುಬಿಟ್ಟರು. ರಜೆಗೆ ಮನೆಗೆ ಬಂದಿದ್ದ ನಾನು ಬಾಗಿಲಲ್ಲೇ ನಿಂತಿದ್ದೆ. ಆ ನಗೆಯನ್ನು ನಾನೂ ಕೇಳಿದೆ. ಸತ್ತವರ ಲೆಕ್ಕ ಕೇಳಿದ ಮಗುವಿನ ಮುಂದೆ ನಗುವ ಮನುಷ್ಯ ಎಂಥವನು!

ಅಂದಿನಿಂದ ನೀನು ಅವರ ಕೈತುತ್ತನ್ನು ಒಲ್ಲೆನೆಂದೆ. ಮದುವೆಯಾಗಿ ಹೋದವಳು ಅವರನ್ನು ಒಮ್ಮೆಯೂ ನಿನ್ನ ಮನೆಗೆ ಕರೆಯಲಿಲ್ಲ. ಕಡೆಯ ದಿನ ಬಂದೆ. ಕಾಲ ಬಳಿ ನಿಂತೆ, ಮುಖದ ಬಳಿಗೆ ಬರಲಿಲ್ಲ. ನಿನ್ನನ್ನು ದೂರುತ್ತಿಲ್ಲ ತಾಯಿ. ನಂಬಿದ್ದನ್ನು ನಂಬಿದಂತೆ ನಡೆದೆ. ನಾನೂ ಅದನ್ನೇ ನಂಬಿದ್ದೆ. ನಿನ್ನಂತೆ ದೂರ ಹೋಗದೆ, ನನ್ನ ದಾರಿಯಲ್ಲಿ ನಾನು ಅದರೊಡನೆ ಬಾಳಿದೆ. ಪ್ರತಿ ಬೆಳಗ್ಗೆ ಪ್ರಾರ್ಥನೆಯ ಕೊನೆಯಲ್ಲಿ ಆ ಹೆಸರಿಲ್ಲದ ಆತ್ಮಗಳಿಗೆ ಸದ್ಗತಿಯನ್ನು ಬೇಡಿ, ಒಂದೊಂದು ಗೀರಿಗೆ ಒಂದೊಂದರಂತೆ ನೆಲಕ್ಕೆ ಹಣೆ ಮುಟ್ಟಿಸಿ ನಮಸ್ಕರಿಸುತ್ತ ಬಂದೆ. ನನ್ನ ತಲೆ ಕಪ್ಪಗಿದ್ದಾಗ ಹಿಡಿದ ನೇಮ, ತಲೆ ಬೆಳ್ಳಗಾದರೂ ಬಿಡಲಿಲ್ಲ. ಅಪ್ಪ ನನ್ನ ಜೊತೆಗೇ ಇದ್ದರಲ್ಲ, ಒಂದು ದಿನ ಬಾಗಿಲಲ್ಲಿ ನಿಂತು ನೋಡಿ, "ಅಷ್ಟು ಸಲ ಯಾಕೋ ಬಗ್ತೀಯ? ದೇವರಿಗೆ ಒಂದು ಸಲ ಹೇಳಿದ್ರೆ ಕೇಳಿಸಲ್ವಾ? ಸೊಂಟ ಹಿಡ್ಕೊಂಡೀತು" ಎಂದರು. ಲೋಕದ ಒಳಿತಿಗೆ ಎಂದೆ. "ಲೋಕಕ್ಕೆ ಸೊಂಟನೋವಿನ ಎಣ್ಣೆ ತಂದಿಟ್ಟಿರು" ಎಂದು ಹೊರಟುಹೋದರು. ನೇರವಾಗಿ ಕೇಳುವ ಧೈರ್ಯ ನನಗೆ ಬರಲಿಲ್ಲ. ಕೇಳಿದರೆ ಹೌದೆಂದುಬಿಟ್ಟಾರು ಎಂಬ ಭಯ.

ಇನ್ನು ಕೆಲಸದ ಸಂಗತಿ.

ಹಿಂದಿನ ಕೋಣೆಯ ಕಿಟಕಿಯ ಬಳಿ ಮೇಜನ್ನು ಹಾಕಿ, ಹಳೆಯ ಕಂಬಳಿಯನ್ನು ಹಾಸಿ, ಅದರ ಮೇಲೆ ಆ ಮರವನ್ನು ಮಲಗಿಸಿದೆ. ಜೀವಮಾನದಲ್ಲಿ ಆಯುಧವನ್ನು ಮುಟ್ಟದ ಕೈ ನನ್ನದು. ಕಬ್ಬಿಣವಿಲ್ಲದ ಬರಿಯ ಮರವೇ ಆದರೂ ಮೊದಲ ದಿನ ಸುಮ್ಮನೆ ಎದುರಿಗೆ ಕುಳಿತು ಎದ್ದು ಬಂದೆ. ನಿನ್ನ ಅತ್ತಿಗೆ, "ಅದೇನು ಕಚ್ಚುತ್ತಾ?" ಎಂದಳು. ಅವಳ ಆ ಮಾತನ್ನು ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ.

ಅವಳ ತಮ್ಮ, ನನ್ನ ಭಾಮೈದನನ್ನು ನೀನು ಬಲ್ಲೆ. ಬಡಗಿಯ ಕೆಲಸದಲ್ಲಿ ಗಟ್ಟಿಗ, ಬಾಯಲ್ಲಿ ಅದಕ್ಕಿಂತ ಗಟ್ಟಿಗ. ಉಜ್ಜುವ ವಿದ್ಯುತ್ ಯಂತ್ರವೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. "ಕೊಡಿ ಭಾವ, ಕಾಫಿ ಆರೋದ್ರೊಳಗೆ ಕನ್ನಡಿ ಮಾಡಿ ಕೊಡ್ತೀನಿ. ಮೇಲೆ ಎರಡು ಕೈ ವಾರ್ನಿಷ್ ಹೊಡೆದ್ರೆ ಮದುವೆ ಗಂಡಿನ ಹಾಗೆ ಹೊಳೀಬೇಕು" ಎಂದ. ನಾನು ಒಪ್ಪಲಿಲ್ಲ. ಉಜ್ಜಿದರೆ ಮರ ತೆಳುವಾಗುತ್ತದೆ. ಅಪ್ಪನ ಕೆನ್ನೆ ಆನಿದ ಮರವನ್ನು ಪುಡಿಮಾಡಿ ಗುಡಿಸಿ ಎಸೆಯುವುದಕ್ಕೆ ಮನಸ್ಸು ಒಡಂಬಡಲಿಲ್ಲ. ಯಂತ್ರ ಬೇಡ, ಕೈಯಿಂದ ಆಗುವ ದಾರಿಯೇನಿದ್ದರೆ ಹೇಳು ಎಂದೆ. ಅವನು ನಿಟ್ಟುಸಿರಿಟ್ಟು, "ನಿಮ್ಮ ಮಂತ್ರ ಎಷ್ಟು ಉದ್ದವೋ ಕೆಲಸವೂ ಅಷ್ಟೇ ಉದ್ದ" ಎನ್ನುತ್ತ ದಾರಿಯನ್ನು ಹೇಳಿದ. ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ಹಳೆಯ ವಾರ್ನಿಷನ್ನು ಕರಗಿಸುವುದು. ಕರಗದ್ದನ್ನು ಗಾಜಿನ ಚೂರಿನ ಅಂಚಿನಿಂದ ಎಳೆಯೆಳೆಯಾಗಿ ಹೆರೆಯುವುದು. ತಗ್ಗುಗಳಿದ್ದಲ್ಲಿ ಒದ್ದೆ ಬಟ್ಟೆಯನ್ನು ಮಡಿಸಿ ಇಟ್ಟು ಮೇಲೆ ಕಾದ ಇಸ್ತ್ರಿಪೆಟ್ಟಿಗೆಯನ್ನು ಒತ್ತುವುದು. ಬಿಸಿ ಹಬೆ ಮರದೊಳಕ್ಕೆ ಇಳಿದರೆ, ತಗ್ಗಿದ ಮರ ತಾನಾಗಿಯೇ ಮೇಲೇಳುತ್ತದೆ. "ಆದ್ರೆ ಒಂದು ಮಾತು ಭಾವ. ಅಮುಕಿದ್ದು ಏಳುತ್ತೆ, ಕತ್ತರಿಸಿದ್ದು ಏಳಲ್ಲ. ಅಮುಕಿದ್ರೆ ಮರದ ನಾರು ಮಲಗಿರುತ್ತೆ ಅಷ್ಟೆ, ಎಬ್ಬಿಸಬಹುದು. ಚಾಕು ಹಾಕಿದ್ರೆ ನಾರೇ ತುಂಡು. ಈ ಗೀರುಗಳಿಗೆ ಇಸ್ತ್ರಿ ಆಗೋದಿಲ್ಲ, ಯಂತ್ರವೇ ಗತಿ" ಎಂದು ಯಂತ್ರವನ್ನು ಮೂಲೆಯಲ್ಲಿ ಇಟ್ಟೇ ಹೋದ.

ತಂಗಿ, ವಾರ್ನಿಷ್ ಹೋದಾಗ ಒಳಗಿನಿಂದ ಎದ್ದು ಬಂದದ್ದನ್ನು ನಾನು ಹೇಗೆ ವರ್ಣಿಸಲಿ? ನಾವು ಕಂಡ ಬಂದೂಕು ಕಪ್ಪು. ಗಿರಣಿಯ ಮಸಿ, ಕೈಬೆವರು, ವರ್ಷವರ್ಷವೂ ಅಪ್ಪ ಬಳಿದ ವಾರ್ನಿಷು, ಎಲ್ಲವೂ ಸೇರಿ ಅದಕ್ಕೊಂದು ಹೆಪ್ಪುಗಟ್ಟಿದ ಇರುಳನ್ನು ಹೊದಿಸಿದ್ದವು. ಆ ಇರುಳಿನ ಕೆಳಗೆ ಅಕ್ರೋಟಿನ ಮರ. ಒದ್ದೆ ಬಟ್ಟೆಯಿಂದ ಒರಸಿದೊಡನೆ ಜೇನಿನ ಬಣ್ಣದ ಮೈಯಲ್ಲಿ ಕಂದು ಅಲೆಗಳು ಹೊಳೆಯ ನೀರಿನಂತೆ ಸರಿದಾಡಿದವು. ಮರವನ್ನು ಈಚೆಗೆ ವಾಲಿಸಿದರೆ ಒಂದು ಅಲೆ ಮುಳುಗುತ್ತಿತ್ತು, ಇನ್ನೊಂದು ಏಳುತ್ತಿತ್ತು. ಕಡಿದು ತುಂಡಾಗಿ, ಒಂದು ತಲೆಮಾರು ಬಾಗಿಲು ಕಾದು, ಆ ಮರ ತಾನು ಬೆಳೆದ ವರ್ಷಗಳನ್ನೆಲ್ಲ ಮರೆಯದೆ ಒಳಗೇ ಇಟ್ಟುಕೊಂಡಿತ್ತು. ಸೃಷ್ಟಿಕರ್ತನ ಕೈಬರಹವನ್ನು ಶಾಸ್ತ್ರಗಳಲ್ಲಿ ಹುಡುಕುತ್ತ ಮುದುಕನಾದವನು ನಾನು. ಕಂಬಳಿಯ ಮೇಲೆ ಮಲಗಿದ್ದ ಒಂದು ಕೊರಡಿನ ಮುಂದೆ ಕೈಜೋಡಿಸಿ ನಿಂತುಬಿಟ್ಟೆ.

ಹಿಂತುದಿಯಲ್ಲಿ ಒಂದು ತಗ್ಗಿತ್ತು, ಎಂದೋ ಕಲ್ಲಿನ ಮೇಲೆ ಬಿದ್ದು ಆದದ್ದು. ಅದರ ಮೇಲೆ ಮೊದಲು ಇಸ್ತ್ರಿಯನ್ನಿಟ್ಟೆ. ಚುರ್ರೆಂದು ಹಬೆ ಎದ್ದಿತು. ಬಟ್ಟೆಯನ್ನು ತೆಗೆದು ನೋಡಿದರೆ ತಗ್ಗು ಅರ್ಧ ತುಂಬಿದೆ! ಮತ್ತೊಮ್ಮೆ ಇಟ್ಟೆ, ಪೂರ್ತಿ ತುಂಬಿತು. ಬೆರಳಿನಿಂದ ಸವರಿದರೆ ಎಲ್ಲಿತ್ತೆಂದೇ ತಿಳಿಯದು. ಅಷ್ಟು ಕಾಲ ತಗ್ಗಿಹೋಗಿದ್ದ ಮರ, ಒಂದು ತೊಟ್ಟು ನೀರು, ಒಂದಿಷ್ಟು ಬಿಸಿ ಸಿಕ್ಕಿದ ಕೂಡಲೆ ತನ್ನ ಮೊದಲಿನ ಆಕಾರಕ್ಕೆ ಎದ್ದು ನಿಂತಿತು.

ಆಗ ನನ್ನ ಬುದ್ಧಿ ಗೀರುಗಳ ಕಡೆಗೆ ಹೋಯಿತು. ಏಳುವುದಿಲ್ಲವೆಂದು ಭಾಮೈದ ಹೇಳಿದ್ದ. ಆದರೂ ಯಂತ್ರದ ಗಂಟಲಿಗೆ ಕೊಡುವ ಮುನ್ನ ಒಮ್ಮೆ ನೋಡೋಣವೆಂದು, ಸಾಲಿನ ಮೊದಲ ಗೀರಿನ ಮೇಲೆ ಬಟ್ಟೆಯನ್ನಿಟ್ಟು, ಆ ಹೆಸರಿಲ್ಲದ ಆತ್ಮವನ್ನು ಮನಸ್ಸಿನಲ್ಲಿ ನೆನೆದು, ಇಸ್ತ್ರಿಯನ್ನು ಒತ್ತಿದೆ. ಬಟ್ಟೆಯನ್ನು ಎತ್ತಿದೆ.

ಗೀರು ಇರಲಿಲ್ಲ.

ಚಾಕುವಿನಿಂದ ಕೆತ್ತಿದ್ದು ಏಳುವುದಿಲ್ಲವಷ್ಟೆ. ಇದು ಎದ್ದಿತೆಂದರೆ ಪವಾಡವಲ್ಲದೆ ಮತ್ತೇನು? ಇಷ್ಟು ವರ್ಷಗಳ ನಮಸ್ಕಾರಗಳನ್ನು ಭಗವಂತ ಸ್ವೀಕರಿಸಿ, ಕೊಲೆಯ ಕಲೆಯನ್ನು ನನ್ನ ಕೈಯಿಂದಲೇ ಒರಸಿಸುತ್ತಿದ್ದಾನೆಂದು ಬಗೆದೆ. ಎರಡನೆಯದಕ್ಕೆ ಇಟ್ಟೆ. ಅದೂ ಎದ್ದಿತು. ಮೂರನೆಯದೂ ಎದ್ದಿತು. ನೆಲಕ್ಕೆ ಕುಸಿದು ಅಳುತ್ತ ನಿನ್ನ ಅತ್ತಿಗೆಯನ್ನು ಕೂಗಿದೆ: ಬಾ, ನೋಡು, ಆತ್ಮಗಳಿಗೆ ಬಿಡುಗಡೆಯಾಗುತ್ತಿದೆ! ಅವಳು ಕೈ ಒರಸಿಕೊಳ್ಳುತ್ತ ಓಡಿಬಂದು, "ಆತ್ಮ ಆಮೇಲೆ ಆಗ್ಲಿ, ಮೊದಲು ಇಸ್ತ್ರಿ ಎತ್ತಿ. ಕಂಬಳಿ ಸುಡ್ತಾ ಇದೆ" ಎಂದಳು. ನಿಜಕ್ಕೂ ಸುಡುತ್ತಿತ್ತು.

ಭಾಮೈದನಿಗೆ ಹೇಳಿಕಳುಹಿಸಿದೆ. ಪವಾಡಕ್ಕೆ ಬಡಗಿಯೊಬ್ಬನ ಸಾಕ್ಷಿಯಿರಲೆಂಬ ಆಸೆ. ಅವನು ಬಂದ, ಕನ್ನಡಕವನ್ನು ಹಣೆಗೇರಿಸಿದ, ಉಗುರಿನಿಂದ ಏಣನ್ನು ಕೆರೆದ. "ಪವಾಡನೂ ಇಲ್ಲ, ಪಾಯಸನೂ ಇಲ್ಲ ಭಾವ. ಇದು ಚಾಕು ಕೆಲಸವೇ ಅಲ್ಲ. ಅಮುಕಿದ್ದು. ತಗ್ಗಿಗೆ ಮಸಿ ತುಂಬಿ, ಅದರ ಮೇಲೆ ವಾರ್ನಿಷ್ ಕೂತು, ಗೀರಿನ ಹಾಗೆ ಕಂಡಿದೆ" ಎಂದ. ಹಾಗಾದರೆ ಅಮುಕಿದ್ದು ಯಾವುದು ಎಂದೆ. "ಉಳಿ ತಲೆ" ಎಂದ. ಉಳಿ ತಂದು ಒಂದು ಚಕ್ಕೆಯ ಮೇಲೆ ಒತ್ತಿ ನೋಡಿದ, ಹೋಲಲಿಲ್ಲ. "ಸರಪಳಿ" ಎಂದ, ಅದೂ ಹೋಲಲಿಲ್ಲ. "ಮೊಳೆ ಇಕ್ಕಳ! ಪಂದ್ಯ ಕಟ್ಟಿ ಬೇಕಾದ್ರೆ" ಎಂದ. ನಾನೂ ಅವನೂ ಕಿಟಕಿಯ ಬಳಿ ವಾದಕ್ಕೆ ನಿಂತೆವು. ನನಗೆ ಪವಾಡ ಕೈತಪ್ಪಿದ ದುಃಖ, ಅವನಿಗೆ ಸೋಲನ್ನು ಒಪ್ಪದ ಹಟ.

ನಮ್ಮಿಬ್ಬರ ನಡುವೆ ತೂರಿ ನಿನ್ನ ಅತ್ತಿಗೆ ಒದ್ದೆ ಬಟ್ಟೆಯಿಂದ ಉಳಿದ ಸಾಲನ್ನು ಒಮ್ಮೆ ಒರಸಿದಳು. ಮರವನ್ನು ಎತ್ತಿ ಬೆಳಕಿಗೆ ಓರೆಯಾಗಿ ಹಿಡಿದಳು. ಆಮೇಲೆ ಏಣಿನ ಇನ್ನೊಂದು ಬದಿಗೆ, ಮಸಿ ಹೋಗಿ ಆಗಷ್ಟೇ ಬೆಳಕು ಕಂಡ ಕಡೆಗೆ, ತಿರುಗಿಸಿದಳು. ಅಲ್ಲಿಯೂ ಗುರುತುಗಳಿದ್ದವು. ಮೇಲೆ ಎಲ್ಲೆಲ್ಲಿ ಇದ್ದವೋ ಕೆಳಗೂ ಅಲ್ಲಲ್ಲೇ, ಜೋಡಿಜೋಡಿಯಾಗಿ.

"ಅಯ್ಯೋ ನಿಮ್ಮ ಮನೆ ಕಾಯ! ಗಂಡಸರು ಅನ್ನೋರು ಮಕ್ಕಳನ್ನ ಸಾಕಿದ್ರೆ ತಾನೇ ಗೊತ್ತಾಗೋದು" ಎಂದಳು. "ನಮ್ಮ ದೊಡ್ಡವನ ತೊಟ್ಟಿಲ ಅಂಚು ನೋಡಿಲ್ವಾ ನೀವು? ಇದು ಹಲ್ಲು ಕಣ್ರೀ. ಮಗು ಕಚ್ಚಿದ್ದು. ಹಲ್ಲು ಬರೋವಾಗ ಒಸಡು ನವೆಯಾಗಿ ಮಗು ಸಿಕ್ಕಿದ್ದೆಲ್ಲ ಕಡಿಯುತ್ತೆ."

ನಾನು ಭೂತಗನ್ನಡಿಯನ್ನು ತಂದೆ, ಚಿಕ್ಕ ಅಕ್ಷರಗಳ ಹಳೆಯ ಗ್ರಂಥಗಳಿಗೆಂದು ಇಟ್ಟುಕೊಂಡದ್ದನ್ನು. ಒಂದೊಂದು ಗೀರೂ ನೇರವಾಗಿರಲಿಲ್ಲ. ಬಿದಿಗೆಯ ಚಂದ್ರನಂತೆ ಸ್ವಲ್ಪ ಬಾಗಿತ್ತು. ಒಂದೊಂದೂ ನಡುವಿನಲ್ಲಿ ತುಂಡಾಗಿತ್ತು. ಎರಡು ಪುಟ್ಟ ಗುರುತು, ನಡುವೆ ಒಂದಿಷ್ಟು ಮುಟ್ಟದ ಮರ. ಮತ್ತೆ ಎರಡು ಗುರುತು, ನಡುವೆ ಮುಟ್ಟದ ಮರ. ಸಾಲಿನ ಉದ್ದಕ್ಕೂ ಹಾಗೆಯೇ. ಪ್ರತಿಯೊಂದರಲ್ಲೂ ಒಂದು ಕಿಂಡಿ.

ಕಿಂಡಿ, ಈಗ ನಿನ್ನ ನಾಲಿಗೆಯನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡು.

ನನ್ನ ಕಣ್ಣನ್ನಷ್ಟೇ ನಂಬಿ ನಿನಗೆ ಬರೆಯಬಾರದೆಂದು ಮರುದಿನ ಗಂಟೆ ಮಾವನನ್ನು ಹುಡುಕಿಕೊಂಡು ಹೋದೆ. ಗಿರಣಿಯ ಗಂಟೆ ಬಾರಿಸುತ್ತ ಅಪ್ಪನೊಡನೆ ಒಂದೇ ಬಾಗಿಲಲ್ಲಿ ದುಡಿದವನು ಅವನೊಬ್ಬನೇ ಉಳಿದಿದ್ದಾನೆ. ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಮಗಳೊಡನೆ ಇದ್ದಾನೆ. ಜೀವನವಿಡೀ ಗಂಟೆಯ ಕೆಳಗೆ ನಿಂತದ್ದಕ್ಕೆ ಕಿವಿ ಪೂರಾ ಹೋಗಿದೆ, ಗಂಟಲು ಮಾತ್ರ ಇದೆ. ನಾನು ಮರವನ್ನು ಅವನ ತೊಡೆಯ ಮೇಲಿಟ್ಟು ಗೀರುಗಳನ್ನು ತೋರಿಸಿದೆ, ಅಷ್ಟೆ. ಕೇಳಬೇಕಾಗಿಯೇ ಬರಲಿಲ್ಲ. "ಎಲ್ಲಿ ಆ ಇಲಿಮರಿ? ಚೆನ್ನಾಗಿದ್ದಾಳಾ?" ಎಂದು ಕೆಳಗಿನ ಅಂಗಡಿಯವನೂ ತಲೆಯೆತ್ತಿ ನೋಡುವಂತೆ ಕೂಗಿದ.

ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಅಮ್ಮ ಹೋದಾಗ ನಿನಗಿನ್ನೂ ಹಲ್ಲು ಮೂಡಿರಲಿಲ್ಲ. ನನ್ನನ್ನು ಓದಲೆಂದು ಗುರುಗಳ ಮನೆಗೆ ಕಳುಹಿಸಿ, ನಿನ್ನನ್ನು ಬಿಡಲು ತಾವಿಲ್ಲದೆ, ಅಪ್ಪ ನಿನ್ನನ್ನೂ ಕೆಲಸಕ್ಕೆ ಕರೆದೊಯ್ಯುತ್ತಿದ್ದರು. ಗಿರಣಿಯ ಬಾಗಿಲಲ್ಲಿ ಮಗುವನ್ನು ಕಂಡರೆ ಮ್ಯಾನೇಜರು ಅಂದೇ ಮನೆಗೆ ಕಳುಹಿಸಿಬಿಡುವವನು. "ಅವನ ಕಾರು ಬಂತು ಅಂತ ನಾನು ಗಂಟೆಗೆ ಒಂದು ಸಣ್ಣ ಏಟು ಕೊಡ್ತಿದ್ದೆ. ನಿಮ್ಮಪ್ಪ ತಟ್ಟಂತ ಮಗೂನ ಉದ್ದನೆ ಕೋಟಿನೊಳಗೆ ಹಾಕ್ಕೊಂಡು ಗುಂಡಿ ಹಾಕಿಬಿಡೋನು. ಹೊಟ್ಟೆ ಬಂದೋನ ಹಾಗೆ ಸಲಾಮು ಹೊಡೆಯೋನು. ಅವಳೋ, ಹಲ್ಲು ನೋವಿಗೆ ಕಿಟಾರಂತ ಕಿರುಚೋಳು. ಏನು ಕೊಟ್ರೂ ಸುಮ್ಮನಾಗಲ್ಲ. ಒಂದಿನ ಬಂದೂಕಿನ ಮರ ಬಾಯಿಗೆ ಸಿಕ್ತು ನೋಡು, ಕಚ್ಚಿ ಹಿಡಿದ್ಲು, ಉಸಿರಿಲ್ಲ! ಆಮೇಲೆ ಕಾರು ಬಂದಾಗೆಲ್ಲ ಮಗು ಕೋಟಿನೊಳಗೆ, ಮರ ಮಗು ಬಾಯೊಳಗೆ. ಅವಳು ಅವತ್ತು ಆ ಮರ ಕಚ್ಚದೆ ಇದ್ದಿದ್ರೆ ನಿಮ್ಮನೇಲಿ ಯಾರಿಗೂ ಕಚ್ಚೋಕೆ ಏನೂ ಇರ್ತಿರಲಿಲ್ಲ."

ಬಂದೂಕಿನ ತಪಾಸಣೆಗೆ ಬಂದವನು ಇದೇನೆಂದು ಕೇಳಿದಾಗ ಅಪ್ಪ, "ಇಲಿ ಕಡಿದಿದೆ ಸಾರ್" ಎಂದರಂತೆ. ಇಲಿಮರಿಯೆಂಬ ಹೆಸರು ಅಂದಿನದು. ಕೊಂದವರ ಲೆಕ್ಕವೆಂಬ ಸುದ್ದಿಯನ್ನು ಹಬ್ಬಿಸಿದ್ದು ಯಾರು ಗೊತ್ತೆ? ಗಂಟೆ ಮಾವನೇ! ಅದನ್ನು ಅವನು ಎದೆಯುಬ್ಬಿಸಿ ಹೇಳಿದ. ರಾತ್ರಿಪಾಳಿಯಲ್ಲಿ ಹತ್ತಿ ಕದಿಯುವವರ ಕಾಟ ಹೆಚ್ಚಿದಾಗ, ಈ ಕಾವಲುಗಾರ ಸಾಮಾನ್ಯನಲ್ಲ, ಲೆಕ್ಕ ಕೆತ್ತಿಟ್ಟುಕೊಂಡಿದ್ದಾನೆಂದು ಅಂಗಡಿಯಂಗಡಿಯಲ್ಲೂ ಊದಿದನಂತೆ. "ಗೀರು ನೋಡಿ ಓಡೋ ಕಳ್ಳನಿಗೆ ಗುಂಡು ಯಾಕೆ ದಂಡ? ನಿಮ್ಮಪ್ಪ ಬಿದ್ದು ಬಿದ್ದು ನಕ್ಕ. ಆಮೇಲೆ ಒಬ್ಬ ಕಳ್ಳನೂ ಆ ಕಡೆ ತಲೆ ಹಾಕ್ಲಿಲ್ಲ" ಎಂದ. ಒಬ್ಬನ ಮೇಲೂ ಗುಂಡು ಹಾರಿಸದೆ ಬಾಗಿಲು ಕಾಯುವುದಕ್ಕೆ ಇಬ್ಬರೂ ಕೂಡಿ ಆ ಸುಳ್ಳನ್ನು ಸಾಕಿದರು. ಅದು ಕಳ್ಳರ ಕಿವಿಯನ್ನು ದಾಟಿ ಶಾಲೆಯ ಅಂಗಳವನ್ನು ಮುಟ್ಟೀತೆಂದು ಇಬ್ಬರಿಗೂ ಹೊಳೆಯಲಿಲ್ಲ.

ಗಲಭೆಯ ದಿನದ ಮಾತನ್ನೂ ಕೇಳದೆ ಬರಲಿಲ್ಲ. ಒಂದು ಚೀಟಿಯಲ್ಲಿ ಬರೆದು ತೋರಿಸಿದೆ. ಅವನ ಗಂಟಲು ಮೊದಲ ಸಲ ತಗ್ಗಿತು. "ಎಲ್ಲೆಲ್ಲೂ ಹೊಗೆ. ನಾನು ಗಂಟೆ ಕಂಬದ ಹಿಂದೆ ಮುದುರಿ ಕೂತಿದ್ದೆ. ಹೆದರಿದೋನ ಕಣ್ಣಿಗೆ ಏನಪ್ಪ ಕಾಣುತ್ತೆ? ಯಾರು ಹೊಡೆದ್ರೋ ಗೊತ್ತಿಲ್ಲ. ಆದ್ರೆ ಈ ಗುರುತು ಇವೆಯಲ್ಲ, ಇವು ಅದಕ್ಕಿಂತ ಎಷ್ಟೋ ಮುಂಚಿನವು. ಅಷ್ಟೊತ್ತಿಗೆ ಆ ಇಲಿಮರಿ ಶಾಲೆಗೆ ಹೋಗ್ತಿದ್ಲು" ಎಂದ. ಆದುದರಿಂದ ತಂಗಿ, ಅಪ್ಪ ಆ ದಿನ ಏನು ಮಾಡಿದರು, ಏನು ಮಾಡಲಿಲ್ಲ ಎಂಬುದನ್ನು ನಾನು ಅರಿಯೆ. ಅರಿಯದ್ದನ್ನು ಅರಿತೆನೆಂದು ನಿನಗೆ ಬರೆಯಲಾರೆ. ನಳಿಗೆ ಸವೆದಿಲ್ಲವೆಂದ ದುರಸ್ತಿಯವನ ಮಾತು ಈಗ ನನಗೆ ಬಹಳ ಹಿತವಾಗಿ ಕೇಳುತ್ತದೆ, ಅಷ್ಟೆ. ನಾನು ಪ್ರಮಾಣ ಮಾಡಿ ಹೇಳಬಲ್ಲುದು ಒಂದೇ. ಆ ಸಾಲಿನಲ್ಲಿ ಸತ್ತವರು ಯಾರೂ ಇಲ್ಲ. ಇರುವುದು ನೀನೊಬ್ಬಳೇ.

ಅಂದು ನೀನು ಆ ಗುರುತುಗಳನ್ನು ತೋರಿಸಿ ಇವು ಏನೆಂದು ಕೇಳಿದಾಗ ಅಪ್ಪ ನಿನ್ನ ಗಲ್ಲವನ್ನು ಹಿಡಿದರಲ್ಲ, ಏಕೆ ಹಿಡಿದರೆಂದು ಈಗ ಯೋಚಿಸು. ಕಚ್ಚಿದ ಬಾಯೇ ಬಂದು ಕಚ್ಚಿದ್ದು ಯಾರೆಂದು ಕೇಳಿದರೆ ಯಾವ ತಂದೆ ನಗದಿದ್ದಾನು? ಮುಪ್ಪಿನಲ್ಲಿ ಅವರು ಸಂಜೆಯ ಹೊತ್ತು ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಕೂಡುತ್ತಿದ್ದರು. ಹೆಬ್ಬೆರಳು ಜಪಮಣಿಗಳ ಮೇಲೆ ಸರಿಯುವಂತೆ ಆ ಸಾಲಿನ ಮೇಲೆ ತನ್ನಷ್ಟಕ್ಕೆ ಸರಿಯುತ್ತಿತ್ತು. ಪಶ್ಚಾತ್ತಾಪವೆಂದು ತಿಳಿದು ನಾನು ಮುಖ ತಿರುಗಿಸುತ್ತಿದ್ದೆ. ಬಾಗಿಲಿಗೂ ಬಾರದ ಮಗಳನ್ನು ಅವರು ಬೆರಳಿನ ತುದಿಯಿಂದ ಮಾತಾಡಿಸುತ್ತಿದ್ದರೆಂದು ನನಗೆ ಹೇಗೆ ತಿಳಿಯಬೇಕು?

ನನ್ನ ನಮಸ್ಕಾರಗಳ ಗತಿಯನ್ನೂ ಕೇಳು. ಕೊಲೆಯಾದವರೆಂದು ಬಗೆದು ಇಷ್ಟು ವರ್ಷ ನಾನು ದಿನದಿನವೂ ಹಣೆ ಮುಟ್ಟಿಸಿ ವಂದಿಸಿದ್ದು ನಿನ್ನ ಹಾಲುಹಲ್ಲುಗಳಿಗೆ! ನಿನ್ನ ಅತ್ತಿಗೆ ಇದನ್ನು ಕೇಳಿ ಮಗ್ಗುಲು ಹಿಡಿದುಕೊಂಡು ನಕ್ಕಳು. ಮೊದಲು ನನಗೆ ನಾಚಿಕೆಯಾಯಿತು. ಬಳಿಕ ಮೈಯೆಲ್ಲ ನವಿರೆದ್ದಿತು. ಸದ್ಗತಿಯನ್ನು ಬೇಡಿ ಕಳುಹಿಸಿದ ಪ್ರಾರ್ಥನೆ, ವಿಳಾಸ ತಪ್ಪಿದರೂ ವ್ಯರ್ಥವಾಗಿ ಹಿಂದಿರುಗುವುದುಂಟೆ? ಎರಡು ಸಲ ಸಾವಿನ ಬಾಗಿಲವರೆಗೆ ಹೋಗಿ ನೀನು ಮರಳಿಬಂದೆ, ನಿನ್ನ ಮಗ ಬಾವಿಗೆ ಬಿದ್ದವನು ನಗುತ್ತ ಮೇಲೆ ಬಂದ. ನನ್ನ ನಮಸ್ಕಾರಗಳೆಲ್ಲ ಎಲ್ಲಿಗೆ ತಲಪಿದವೆಂದು ನಾನು ಕೇಳಲಾರೆ. ಕೇಳುವ ಧೈರ್ಯವಿಲ್ಲದವನಿಗೂ ಭಗವಂತ ಉತ್ತರ ಕೊಡುತ್ತಾನೆಂಬುದನ್ನು ಮಾತ್ರ ಒಂದು ಇಸ್ತ್ರಿಪೆಟ್ಟಿಗೆಯ ಕೆಳಗೆ ಕಂಡೆ. ಬೆಳಗಿನ ನೇಮವನ್ನು ನಾನು ಬಿಟ್ಟಿಲ್ಲ. ಯಾರಿಗೆಂದು ಈಗ ಗೊತ್ತಿದೆ, ಅದರಿಂದ ಸೊಂಟವೂ ಅಷ್ಟಾಗಿ ನೋಯುವುದಿಲ್ಲ.

ಮರ ಈಗ ಸಿದ್ಧವಾಗಿದೆ. ಬಿಸಿ ಮಾಡಿದ ಅಗಸೆ ಎಣ್ಣೆಯನ್ನು ಅಂಗೈಯಿಂದಲೇ ಉಜ್ಜಿ, ಕುಡಿಯಲು ಬಿಟ್ಟು, ಒರಸಿ, ಮತ್ತೆ ಉಜ್ಜಿದ್ದೇನೆ. ಕೊನೆಗೆ ಜೇನುಮೇಣವನ್ನು ತೆಳ್ಳಗೆ ಸವರಿದ್ದೇನೆ. ಭಾಮೈದ ವಾರ್ನಿಷಿನ ಡಬ್ಬಿಯನ್ನು ಹಿಡಿದು ಮೂರು ಸಲ ಬಂದು ಮೂರು ಸಲವೂ ಸಪ್ಪೆ ಮುಖದಿಂದ ಹಿಂದಿರುಗಿದ. "ಗೋಡೆಗೆ ಹಾಕೋ ವಸ್ತುಗೆ ಹೊಳಪು ಬೇಡ್ವಾ ಭಾವ? ಒಳ್ಳೇ ಅಡುಗೆಮನೆ ಲಟ್ಟಣಿಗೆ ಹಾಗೆ ಮಾಡಿಟ್ಟಿದ್ದೀರಿ" ಎಂದು ಗೊಣಗಿದ. ನಾನು ಕಾರಣವನ್ನು ಅವನಿಗೆ ಹೇಳಲಿಲ್ಲ.

ನಾನು ಅಳಿಸಿದ ಮೂರು ಗುರುತುಗಳನ್ನು ಮರಳಿ ತರಲಾರೆ. ಕತ್ತರಿಸಿದ್ದಾಗಿದ್ದರೆ ಉಳಿದಿರುತ್ತಿದ್ದವು. ಅವು ಮೆಲ್ಲಗೆ ಒತ್ತಿದವು, ಒತ್ತಿದ್ದು ಎದ್ದುಹೋಯಿತು. ಉಳಿದವುಗಳನ್ನು ಬಿಟ್ಟಿದ್ದೇನೆ. ಅಳಿಸು ಎಂಬುದು ನಿನ್ನ ಮಾತು. ಅದನ್ನು ಮೀರುವ ಅಧಿಕಾರ ನನಗಿಲ್ಲ. ಆದುದರಿಂದ ಮರವನ್ನು ನಿನ್ನ ಮಗನ ಕೈಗೆ ಕೊಟ್ಟು ಕಳುಹಿಸುತ್ತಿಲ್ಲ. ಕಿಟಕಿಯ ಬಳಿಯ ಮೇಜಿನ ಮೇಲೆಯೇ ಇಟ್ಟಿದ್ದೇನೆ, ಇಸ್ತ್ರಿಪೆಟ್ಟಿಗೆಯನ್ನೂ ಮಡಿಸಿದ ಬಟ್ಟೆಯನ್ನೂ ಪಕ್ಕದಲ್ಲೇ ಇಟ್ಟಿದ್ದೇನೆ. ನೀನೇ ಬಾ. ನಿನ್ನ ಹೆಬ್ಬೆರಳಿನಿಂದ ಒಮ್ಮೆ ಆ ಸಾಲನ್ನು ಸವರು. ಆಮೇಲೆಯೂ ಅಳಿಸಬೇಕೆನಿಸಿದರೆ ನಿನ್ನ ಕೈಯಿಂದಲ್ಲ, ನನ್ನ ಕೈಯಿಂದಲೇ ಇಸ್ತ್ರಿಯನ್ನು ಇಡುತ್ತೇನೆ.

ಮನೆಯ ಎಲ್ಲರಿಗೂ ಶುಭವಾಗಲಿ.

ನಿನ್ನ ಹಲ್ಲುಗಳಿಗೆ ನಮಸ್ಕರಿಸಿ ಹಣೆಯಲ್ಲಿ ಗಂಟು ಬಂದಿರುವ
ನಿನ್ನ ಅಣ್ಣ

ಮರೆತ ಮಾತು: ಬರುವಾಗ ಮೊಮ್ಮಗಳನ್ನು ತಪ್ಪದೆ ಕರೆದುಕೊಂಡು ಬಾ. ಅವಳಿಗೆ ಹಲ್ಲು ಮೂಡುತ್ತಿದೆಯೆಂದೂ, ರಾತ್ರಿಯೆಲ್ಲ ಅಳುತ್ತಾಳೆಂದೂ, ಏನು ಕೊಟ್ಟರೂ ಸುಮ್ಮನಾಗುವುದಿಲ್ಲವೆಂದೂ ನಿನ್ನ ಮಗ ಹೇಳಿದ. ವಾರ್ನಿಷ್ ಮಗುವಿನ ಬಾಯಿಗೆ ಒಳ್ಳೆಯದಲ್ಲ; ಅಗಸೆ ಎಣ್ಣೆ ಮತ್ತು ಜೇನುಮೇಣದಿಂದ ಏನೂ ಆಗದೆಂದು ವೈದ್ಯರನ್ನು ಕೇಳಿ ತಿಳಿದುಕೊಂಡೇ ಹಚ್ಚಿದ್ದೇನೆ. ಸಾಲಿನಲ್ಲಿ ಮೂರು ಜಾಗ ಈಗ ಖಾಲಿ ಇವೆ.